ರಕ್ತದ ನಿಯಮವನ್ನೂ ಅದರ ಅಪವಾದವನ್ನೂ ಕಂಡ ಕಾರ್ಲ್ ಲ್ಯಾಂಡ್‌ಸ್ಟೈನರ್

ಪ್ರತಿ ವರ್ಷ ಜೂನ್ 14ರಂದು ವಿಶ್ವ ರಕ್ತದಾನಿಗಳ ದಿನವನ್ನು ಆಚರಿಸಲಾಗುತ್ತದೆ. ಅದು ರಕ್ತದ ಗುಂಪುಗಳನ್ನು ಪತ್ತೆ ಮಾಡಿದ ಆಸ್ಟ್ರಿಯಾದ ವೈದ್ಯವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನ. ಶಾಲಾ ಪಠ್ಯಗಳಲ್ಲಿಯೂ ಶಿಬಿರಗಳ ಭಾಷಣಗಳಲ್ಲಿಯೂ ಅವರ ಪರಿಚಯ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಅವರ ಸಾಧನೆಯ ಇನ್ನೊಂದು ಮುಖ ಜನಸಾಮಾನ್ಯರಿಗೆ ಅಪರಿಚಿತವಾಗಿಯೇ ಉಳಿದಿದೆ.

ಸಂತ ಶಿಶುನಾಳ ಶರೀಫರ ನೆಲಕ್ಕೆ ಹತ್ತಿರವಿರುವ, ಶಿಗ್ಗಾಂವ ತಾಲ್ಲೂಕಿನ ಹುಲಗೂರಿನಂಥ ಊರಿನಲ್ಲಿ ಗರ್ಭಿಣಿಯೊಬ್ಬಳ ರಕ್ತ ಪರೀಕ್ಷೆ ನಡೆಯಿತೆನ್ನಿ. ಅವಳ ತಾಯಿ ಕಾರ್ಡ್‌ನಲ್ಲಿ ರಕ್ತದ ಗುಂಪು ದಾಖಲಾಗುತ್ತದೆ. ಆರ್‌ಎಚ್ ಅಂಶ ಇದೆಯೋ ಇಲ್ಲವೋ ಎಂಬುದು ದಾಖಲಾಗುತ್ತದೆ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಪರೀಕ್ಷೆಯ ಫಲಿತಾಂಶವೂ ಸೇರುತ್ತದೆ. ಈ ಮೂರೂ ಪರೀಕ್ಷೆಗಳ ಇತಿಹಾಸದಲ್ಲಿ ಲ್ಯಾಂಡ್‌ಸ್ಟೈನರ್ ಅವರ ಹೆಸರಿದೆ. ಮೂರನೆಯ ಪರೀಕ್ಷೆ ಕೆಲವೊಮ್ಮೆ ಇಲ್ಲದ ರೋಗವನ್ನು ಇದೆ ಎನ್ನುತ್ತದೆ. ಆ ತಪ್ಪು ಫಲಿತಾಂಶದ ಬೆನ್ನು ಹತ್ತಿ ಹೋದ ವೈದ್ಯರಿಗೆ ಸಿಕ್ಕಿದ್ದು ದೇಹವೇ ತನ್ನ ವಿರುದ್ಧ ಸೃಷ್ಟಿಸಿಕೊಳ್ಳುವ ಪ್ರತಿಕಾಯಗಳು ಮತ್ತು ಅವುಗಳಿಂದಾಗಿ ರಕ್ತನಾಳಗಳಲ್ಲಿ ಅಕಾಲದಲ್ಲಿ ಹೆಪ್ಪುಗಟ್ಟುವ ರಕ್ತ. ಮೇಲಿಂದ ಮೇಲೆ ಗರ್ಭ ಕಳೆದುಕೊಳ್ಳುತ್ತಿದ್ದ ಸಾವಿರಾರು ತಾಯಂದಿರ ಸಂಕಟಕ್ಕೆ ಕಾರಣ ಗೊತ್ತಾದದ್ದೂ ಇದೇ ದಾರಿಯಲ್ಲಿ.

ಪತ್ರಕರ್ತನ ಮಗ

ಕಾರ್ಲ್ ಲ್ಯಾಂಡ್‌ಸ್ಟೈನರ್ 1868ರ ಜೂನ್ 14ರಂದು ವಿಯೆನ್ನಾದಲ್ಲಿ ಜನಿಸಿದರು. ತಂದೆ ಲಿಯೊಪೋಲ್ಡ್ ಹೆಸರಾಂತ ಪತ್ರಕರ್ತರು ಹಾಗೂ ಪತ್ರಿಕಾ ಪ್ರಕಾಶಕರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿ ಫ್ಯಾನಿ ಮಗನನ್ನು ಒಬ್ಬರೇ ಬೆಳೆಸಿದರು. ತಾಯಿ-ಮಗನ ಬಾಂಧವ್ಯ ಎಷ್ಟು ಗಾಢವಾಗಿತ್ತೆಂದರೆ, ತಾಯಿ ತೀರಿಕೊಂಡಾಗ ತೆಗೆಸಿಟ್ಟ ಮುಖದ ಅಚ್ಚನ್ನು ಲ್ಯಾಂಡ್‌ಸ್ಟೈನರ್ ತಮ್ಮ ಕೊನೆಯ ದಿನಗಳವರೆಗೂ ಕೋಣೆಯ ಗೋಡೆಯ ಮೇಲೆ ಇರಿಸಿಕೊಂಡಿದ್ದರು.

1891ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಅವರು ರೋಗಿಗಳ ಆರೈಕೆಗಿಂತ ಪ್ರಯೋಗಾಲಯದತ್ತ ಒಲಿದರು. ದೇಹದೊಳಗಿನ ವ್ಯಾಪಾರಗಳನ್ನು ಅರಿಯಲು ರಸಾಯನಶಾಸ್ತ್ರ ಬೇಕೆಂಬ ನಂಬಿಕೆಯಿಂದ ಮುಂದಿನ ಕೆಲವು ವರ್ಷಗಳನ್ನು ಜ್ಯೂರಿಚ್, ವುರ್ಟ್ಸ್‌ಬರ್ಗ್ ಮತ್ತು ಮ್ಯೂನಿಕ್‌ಗಳಲ್ಲಿ ಕಳೆದರು. ವುರ್ಟ್ಸ್‌ಬರ್ಗ್‌ನಲ್ಲಿ ಅವರ ಗುರುವಾಗಿದ್ದವರು ಮುಂದೆ ನೊಬೆಲ್ ಪಡೆದ ಎಮಿಲ್ ಫಿಶರ್. ಒಂದು ಪದಾರ್ಥ ಇನ್ನೊಂದನ್ನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆ ಅಂದಿನಿಂದಲೇ ಅವರನ್ನು ಹಿಡಿದಿತ್ತು. ಜೀವನದುದ್ದಕ್ಕೂ ಅವರು ಮಾಡಿದ ಕೆಲಸವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ನಡೆಯಿತು ಎಂದರೆ ತಪ್ಪಾಗಲಾರದು.

1896ರಲ್ಲಿ ಅವರು ಮ್ಯಾಕ್ಸ್ ಫಾನ್ ಗ್ರೂಬರ್ ಅವರ ಆರೋಗ್ಯಶಾಸ್ತ್ರ ಸಂಸ್ಥೆಯಲ್ಲಿ ಸಹಾಯಕರಾದರು. 1898ರಿಂದ ಹತ್ತು ವರ್ಷ ರೋಗಶಾಸ್ತ್ರ ವಿಭಾಗದಲ್ಲಿ ದುಡಿದರು. ಆ ಅವಧಿಯಲ್ಲಿ ಅವರು ನಡೆಸಿದ ಶವಪರೀಕ್ಷೆಗಳು 3,639. ಹಗಲು ಶವಾಗಾರದ ಕೆಲಸ, ಉಳಿದ ವೇಳೆಯಲ್ಲಿ ರಕ್ತದ ಸಂಶೋಧನೆ ಎಂಬುದು ಅವರ ದಿನಚರಿಯಾಗಿತ್ತು.

ನಿಯಮದ ಶೋಧ

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಇಬ್ಬರ ರಕ್ತ ಬೆರೆಸಿದಾಗ ಕೆಂಪುಕಣಗಳು ಗುಂಪುಗೂಡುವುದನ್ನು ವೈದ್ಯರು ಕಂಡಿದ್ದರೂ ಅದನ್ನು ರೋಗದ ಲಕ್ಷಣವೆಂದು ಭಾವಿಸಿದ್ದರು. ಲ್ಯಾಂಡ್‌ಸ್ಟೈನರ್ ಆರೋಗ್ಯವಂತರ ರಕ್ತವನ್ನೇ ಪರೀಕ್ಷೆಗೆ ತೆಗೆದುಕೊಂಡರು. ತಮ್ಮ ಮತ್ತು ಐವರು ಸಹೋದ್ಯೋಗಿಗಳ ರಕ್ತದಿಂದ ಕಣಗಳನ್ನೂ ಸೀರಂ ಎಂಬ ತಿಳಿದ್ರವವನ್ನೂ ಬೇರ್ಪಡಿಸಿ, ಪ್ರತಿಯೊಬ್ಬರ ಸೀರಂ ಅನ್ನು ಪ್ರತಿಯೊಬ್ಬರ ಕಣಗಳೊಂದಿಗೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಗಟ್ಟಿದವು, ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. 1901ರಲ್ಲಿ ಪ್ರಕಟವಾದ ಅವರ ಪ್ರಬಂಧ ಮನುಷ್ಯರ ರಕ್ತವನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಮರುವರ್ಷ ಅವರ ಶಿಷ್ಯರು ನಾಲ್ಕನೆಯ ಗುಂಪನ್ನು ಕಂಡರು. ಎ, ಬಿ, ಎಬಿ, ಒ ಎಂದು ಇಂದು ನಾವು ಕರೆಯುವ ಗುಂಪುಗಳು ಇವೇ.

ಈ ಶೋಧದಲ್ಲಿ ಒಂದು ನಿಯಮ ಅಡಗಿತ್ತು. ಎ ಗುಂಪಿನವರ ಸೀರಂನಲ್ಲಿ ಬಿ ಕಣಗಳ ವಿರುದ್ಧದ ಪ್ರತಿಕಾಯ ಇರುತ್ತದೆ, ಎ ಕಣಗಳ ವಿರುದ್ಧ ಇರುವುದಿಲ್ಲ. ಅಂದರೆ ಯಾರ ರಕ್ತವೂ ತನ್ನದೇ ಕಣಗಳ ಮೇಲೆ ಹಗೆ ಸಾಧಿಸುವುದಿಲ್ಲ. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಕೂಡ ಮೇಕೆಗಳ ಮೇಲಿನ ಪ್ರಯೋಗಗಳಿಂದ ಇಂಥದೇ ತೀರ್ಮಾನಕ್ಕೆ ಬಂದಿದ್ದರು. ದೇಹವು ತನ್ನನ್ನು ತಾನೇ ವಿಷಕ್ಕೆ ಗುರಿಪಡಿಸಲು ಹೇಸುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಎರ್ಲಿಕ್ ಅವರ ಪ್ರಭಾವ ಎಷ್ಟಿತ್ತೆಂದರೆ, ಮುಂದಿನ ಅನೇಕ ದಶಕಗಳ ಕಾಲ ಬಹುಪಾಲು ವಿಜ್ಞಾನಿಗಳು ಅದಕ್ಕೆ ವಿರುದ್ಧವಾದ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಲಿಲ್ಲ.

ಮೂರೇ ವರ್ಷಗಳಲ್ಲಿ ಅಪವಾದ

ಆ ನಿಯಮವನ್ನು ಮೀರಿದ ಉದಾಹರಣೆಯನ್ನು ಮನುಷ್ಯರಲ್ಲಿ ಮೊದಲು ತೋರಿಸಿದವರಲ್ಲಿ ಲ್ಯಾಂಡ್‌ಸ್ಟೈನರ್ ಅವರೇ ಒಬ್ಬರು ಎಂಬುದು ಗಮನಾರ್ಹ. ವಿಯೆನ್ನಾದ ವೈದ್ಯ ಜೂಲಿಯಸ್ ಡೊನಾತ್ ಅವರೊಡನೆ ಸೇರಿ 1904ರಲ್ಲಿ ಅವರು ಒಂದು ವಿಚಿತ್ರ ಕಾಯಿಲೆಯ ಗುಟ್ಟನ್ನು ಬಿಡಿಸಿದರು. ಈ ರೋಗಿಗಳು ಚಳಿಗೆ ಮೈಯೊಡ್ಡಿದರೆ ಕೆಲವೇ ಹೊತ್ತಿನಲ್ಲಿ ಅವರ ಮೂತ್ರ ಕಪ್ಪುಗೆಂಪಾಗುತ್ತಿತ್ತು. ಅನೇಕರಲ್ಲಿ ಹಳೆಯ ಸಿಫಿಲಿಸ್ ಇರುತ್ತಿತ್ತು.

ಇಬ್ಬರೂ ರೋಗಿಯ ರಕ್ತವನ್ನು ಮಂಜುಗಡ್ಡೆಯಲ್ಲಿ ತಣ್ಣಗಾಗಿಸಿ, ಬಳಿಕ ಮೈಯ ಬಿಸಿಗೆ ತಂದರು. ಕೆಂಪುಕಣಗಳು ಒಡೆದು ಕರಗಿದವು. ಆರೋಗ್ಯವಂತರ ಕಣಗಳಿಗೆ ರೋಗಿಯ ಸೀರಂ ಬೆರೆಸಿ ಹಾಗೆಯೇ ಮಾಡಿದಾಗಲೂ ಅದೇ ಆಯಿತು. ಹಾಗಾದರೆ ದೋಷ ಕಣಗಳಲ್ಲಿಲ್ಲ, ಸೀರಂನಲ್ಲಿದೆ. ರೋಗಿಯ ಸೀರಂನಲ್ಲಿರುವ ಒಂದು ಪ್ರತಿಕಾಯ ತಂಪಿನಲ್ಲಿ ಕಣಗಳಿಗೆ ಅಂಟಿಕೊಳ್ಳುತ್ತದೆ, ಬಿಸಿಯಾದಾಗ ರಕ್ತದಲ್ಲಿನ ಇತರ ಅಂಶಗಳ ನೆರವಿನಿಂದ ಅವನ್ನು ಒಡೆಯುತ್ತದೆ. ಸ್ವಂತ ದೇಹದ ವಿರುದ್ಧವೇ ಹುಟ್ಟುವ ಪ್ರತಿಕಾಯದಿಂದ ಮನುಷ್ಯನಿಗೆ ರೋಗ ಬರುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಸ್ಪಷ್ಟ ಸಾಕ್ಷ್ಯವಿದು. ಇಂದು ಈ ಕಾಯಿಲೆ ಅಪರೂಪ. ಕಾಣಿಸಿಕೊಂಡರೆ ಹೆಚ್ಚಾಗಿ ವೈರಾಣು ಸೋಂಕಿನ ನಂತರ ಮಕ್ಕಳಲ್ಲಿ ಕಾಣಿಸುತ್ತದೆ. ಪತ್ತೆಗೆ ಬಳಸುವ ಪರೀಕ್ಷೆ ಈಗಲೂ ಡೊನಾತ್-ಲ್ಯಾಂಡ್‌ಸ್ಟೈನರ್ ಹೆಸರಿನಲ್ಲಿಯೇ ಇದೆ.

ಹೃದಯದ ದ್ರಾವಣ

1906ರಲ್ಲಿ ಜರ್ಮನಿಯ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ಪತ್ತೆಗೆ ರಕ್ತ ಪರೀಕ್ಷೆಯೊಂದನ್ನು ರೂಪಿಸಿದರು. ಈ ಪರೀಕ್ಷೆಗೆ ಸಿಫಿಲಿಸ್‌ನಿಂದ ಸತ್ತ ಭ್ರೂಣದ ಯಕೃತ್ತಿನ ಸಾರ ಬೇಕಾಗಿತ್ತು. ಅದರಲ್ಲಿ ರೋಗಾಣುಗಳು ಹೇರಳವಾಗಿರುವುದರಿಂದ ರೋಗಿಯ ಪ್ರತಿಕಾಯಗಳು ಅವುಗಳಿಗೆ ಅಂಟಿಕೊಳ್ಳುತ್ತವೆ ಎಂಬುದು ಅವರ ತರ್ಕ.

ಮರುವರ್ಷ ಲ್ಯಾಂಡ್‌ಸ್ಟೈನರ್ ತಮ್ಮ ಜೊತೆಗಾರರಾದ ಮ್ಯುಲ್ಲರ್ ಮತ್ತು ಪೋಟ್ಸ್‌ಲ್ ಅವರೊಡನೆ ಆ ತರ್ಕವನ್ನು ತಲೆಕೆಳಗು ಮಾಡಿದರು. ರೋಗಾಣುವಿನ ಸೋಂಕೇ ಇಲ್ಲದ ಪ್ರಾಣಿಯ ಹೃದಯದಿಂದ ಮದ್ಯಸಾರದಲ್ಲಿ ತೆಗೆದ ದ್ರಾವಣವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಅವರು ತೋರಿಸಿದರು. ವ್ಯಾವಹಾರಿಕವಾಗಿ ಇದೊಂದು ವರದಾನ. ಪರೀಕ್ಷೆ ಅಗ್ಗವಾಯಿತು, ಸುಲಭವಾಯಿತು, ಜಗತ್ತಿನಾದ್ಯಂತ ಹರಡಿತು. ಮುಂದೆ ಎತ್ತಿನ ಹೃದಯವೇ ಈ ದ್ರಾವಣದ ಮುಖ್ಯ ಮೂಲವಾಯಿತು.

ಆದರೆ ಇದರೊಂದಿಗೆ ಒಂದು ಗಹನವಾದ ಪ್ರಶ್ನೆಯೂ ಎದ್ದಿತು. ಪರೀಕ್ಷೆ ಹಿಡಿಯುತ್ತಿರುವುದು ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನಲ್ಲ, ಎಲ್ಲ ಪ್ರಾಣಿಗಳ ಅಂಗಾಂಶದಲ್ಲಿಯೂ ಇರುವ ಯಾವುದೋ ಕೊಬ್ಬಿನಂಶದ ವಿರುದ್ಧದ ಪ್ರತಿಕಾಯವನ್ನು. ಆ ಅಂಶ ಮನುಷ್ಯನ ಅಂಗಾಂಶದಲ್ಲಿಯೂ ಇದೆ. ಹಾಗಿದ್ದರೆ ಈ ಪ್ರತಿಕಾಯ ಸಿಫಿಲಿಸ್ ಇಲ್ಲದವರಲ್ಲಿಯೂ ಹುಟ್ಟಬಹುದಲ್ಲವೇ? ಇದಕ್ಕೆ ಪೂರ್ಣ ಉತ್ತರ ಸಿಗಲು ಮುಕ್ಕಾಲು ಶತಮಾನ ಬೇಕಾಯಿತು.

ವಲಸೆ ಮತ್ತು ನೊಬೆಲ್

ಲ್ಯಾಂಡ್‌ಸ್ಟೈನರ್ ಅವರ ಆಸಕ್ತಿಗೆ ಎಲ್ಲೆಯಿರಲಿಲ್ಲ. 1908ರಲ್ಲಿ ಪೋಲಿಯೊದಿಂದ ಮೃತಪಟ್ಟ ಮಗುವಿನ ಬೆನ್ನುಹುರಿಯ ಸಾರವನ್ನು ಕೋತಿಗಳಿಗೆ ಚುಚ್ಚಿ, ಆ ರೋಗ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಂಥದ್ದೆಂದು ಎರ್ವಿನ್ ಪಾಪರ್ ಅವರೊಡನೆ ಸಾಬೀತುಪಡಿಸಿದರು. ಇಷ್ಟೆಲ್ಲ ಮಾಡಿಯೂ ತವರಿನಲ್ಲಿ ಅವರಿಗೆ ತಕ್ಕ ಸ್ಥಾನ ಸಿಗಲಿಲ್ಲ. 1908ರಿಂದ 1919ರವರೆಗೆ ವಿಯೆನ್ನಾದ ವಿಲ್ಹೆಲ್ಮಿನ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಮುಖ್ಯಸ್ಥರಾಗಿಯೇ ಇದ್ದರು. 1911ರಲ್ಲಿ ಪ್ರಾಧ್ಯಾಪಕರೆಂಬ ಬಿರುದು ಬಂದರೂ ಅದಕ್ಕೆ ವೇತನವಿರಲಿಲ್ಲ. 1916ರಲ್ಲಿ, 48ರ ವಯಸ್ಸಿನಲ್ಲಿ, ಹೆಲೀನ್ ಅವರನ್ನು ವಿವಾಹವಾದರು. ಮರುವರ್ಷ ಮಗ ಹುಟ್ಟಿದ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸೋತ ವಿಯೆನ್ನಾದಲ್ಲಿ ಅನ್ನಕ್ಕೂ ಇಂಧನಕ್ಕೂ ಬರ. 1919ರಲ್ಲಿ ಅವರು ಕುಟುಂಬ ಸಮೇತ ನೆದರ್‌ಲೆಂಡ್ಸ್‌ನ ಹೇಗ್ ನಗರಕ್ಕೆ ತೆರಳಿ, ಒಂದು ಸಣ್ಣ ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಸಂಬಳ ಸಾಲದೆ ಕ್ಷಯರೋಗ ಪರೀಕ್ಷೆಯ ಟ್ಯೂಬರ್‌ಕ್ಯುಲಿನ್ ತಯಾರಿಸುವ ಚಿಕ್ಕ ಕಂಪನಿಯೊಂದರಲ್ಲಿಯೂ ದುಡಿದರು. ಅಂಥ ಇಕ್ಕಟ್ಟಿನಲ್ಲಿಯೂ ಸಂಶೋಧನೆ ನಿಲ್ಲಲಿಲ್ಲ. ತಾನಾಗಿ ಪ್ರತಿಕಾಯವನ್ನು ಹುಟ್ಟಿಸಲಾಗದ, ಆದರೆ ಪ್ರೋಟೀನಿನ ಜೊತೆಗೂಡಿದಾಗ ಹುಟ್ಟಿಸಬಲ್ಲ ಚಿಕ್ಕ ರಾಸಾಯನಿಕಗಳಿಗೆ ಅವರು ಹ್ಯಾಪ್ಟೆನ್ ಎಂದು ಹೆಸರಿಟ್ಟದ್ದು ಆ ದಿನಗಳಲ್ಲಿಯೇ.

ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಆಹ್ವಾನ ಬಂದಾಗ ಅವರು ಅಮೆರಿಕಕ್ಕೆ ನಡೆದರು. 1930ರಲ್ಲಿ ರಕ್ತದ ಗುಂಪುಗಳ ಶೋಧಕ್ಕಾಗಿ ನೊಬೆಲ್ ಪ್ರಶಸ್ತಿ ಒಲಿಯಿತು. ಪ್ರತಿಕಾಯಗಳ ರಾಸಾಯನಿಕ ಸ್ವರೂಪದ ಕುರಿತ ತಮ್ಮ ಕೆಲಸವೇ ಅದಕ್ಕಿಂತ ದೊಡ್ಡದೆಂದು ಅವರು ಭಾವಿಸಿದ್ದರು. ಪ್ರಚಾರವೆಂದರೆ ಹಿಂಜರಿಯುತ್ತಿದ್ದ, ಮಿತಭಾಷಿಯಾದ ಅವರು ನಿವೃತ್ತಿಯ ನಂತರವೂ ಪ್ರಯೋಗಾಲಯಕ್ಕೆ ಬರುವುದನ್ನು ಬಿಡಲಿಲ್ಲ. 1940ರಲ್ಲಿ ಅಲೆಕ್ಸಾಂಡರ್ ವೀನರ್ ಅವರೊಡನೆ ಆರ್‌ಎಚ್ ಅಂಶವನ್ನು ಪ್ರಕಟಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ತಾಯಿಯ ರಕ್ತ ಹೊಟ್ಟೆಯೊಳಗಿನ ಮಗುವಿನ ರಕ್ತವನ್ನು ನಾಶಪಡಿಸುವ ಕಾಯಿಲೆಯನ್ನು ಅರಿಯಲು ಈ ಶೋಧ ನೆರವಾಯಿತು.

1943ರ ಜೂನ್ 24ರಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿರುವಾಗಲೇ ಅವರಿಗೆ ಹೃದಯಾಘಾತವಾಯಿತು. ಎರಡು ದಿನಗಳ ಬಳಿಕ, ಜೂನ್ 26ರಂದು, ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಹುಸಿ ಫಲಿತಾಂಶದ ಹಿಂದಿನ ನಿಜ

ಅವರ ಸಾವಿಗೆ ಎರಡು ವರ್ಷ ಮುಂಚೆ, 1941ರಲ್ಲಿ, ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ವಿಜ್ಞಾನಿ ಮೇರಿ ಪ್ಯಾಂಗ್‌ಬಾರ್ನ್ ಎತ್ತಿನ ಹೃದಯದ ದ್ರಾವಣದಲ್ಲಿನ ಆ ನಿಗೂಢ ಕೊಬ್ಬಿನಂಶವನ್ನು ಬೇರ್ಪಡಿಸಿದರು. ಫಾಸ್ಫೊಲಿಪಿಡ್ ಗುಂಪಿಗೆ ಸೇರಿದ ಅದಕ್ಕೆ ಕಾರ್ಡಿಯೋಲಿಪಿನ್ ಎಂಬ ಹೆಸರು ಬಂತು. ಅದನ್ನು ಬಳಸಿ 1946ರಲ್ಲಿ ವಿಡಿಆರ್‌ಎಲ್ ಪರೀಕ್ಷೆ ರೂಪುಗೊಂಡಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಮದುವೆಗೆ ಮುನ್ನ ಮತ್ತು ಸೈನ್ಯಕ್ಕೆ ಸೇರುವಾಗ ಸಿಫಿಲಿಸ್ ಪರೀಕ್ಷೆ ವ್ಯಾಪಕವಾಗಿ ನಡೆಯತೊಡಗಿತ್ತು. ಎಂದೂ ಆ ಸೋಂಕು ತಗುಲಿರದ ಅನೇಕರ ಫಲಿತಾಂಶ ಪಾಸಿಟಿವ್ ಎಂದು ಬಂತು. ಒಂದು ಚೀಟಿಯ ಮೇಲಿನ ಈ ಒಂದು ಪದ ಮದುವೆಯನ್ನು ಮುರಿಯಬಲ್ಲದು, ಗಂಡ-ಹೆಂಡಿರ ನಡುವೆ ಸಂಶಯ ಬಿತ್ತಬಲ್ಲದು, ಇಲ್ಲದ ರೋಗಕ್ಕೆ ಮದ್ದು ಕುಡಿಸಬಲ್ಲದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೋಸೆಫ್ ಅರ್ಲ್ ಮೂರ್ ಮತ್ತು ಸಂಗಡಿಗರು ಇಂಥವರನ್ನು ವರ್ಷಗಟ್ಟಲೆ ಗಮನಿಸಿ 1950ರ ದಶಕದಲ್ಲಿ ವರದಿ ಮಾಡಿದರು. ಬಹುಕಾಲ ಹುಸಿ ಫಲಿತಾಂಶ ತೋರಿಸುತ್ತಿದ್ದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಹಲವರಿಗೆ ಮುಂದೆ ಲೂಪಸ್ ಕಾಣಿಸಿಕೊಂಡಿತು.

ಲೂಪಸ್ ಎಂಬುದು ಸಂಯೋಜಕ ಅಂಗಾಂಶಗಳ ರೋಗಗಳಲ್ಲಿ ಪ್ರಮುಖವಾದದ್ದು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರು. ಚರ್ಮ, ಕೀಲು, ಮೂತ್ರಪಿಂಡ, ರಕ್ತ ಹೀಗೆ ದೇಹದ ಯಾವ ಭಾಗವನ್ನೂ ಅದು ಬಿಡದು. ಅಲ್ಲಿಯೂ ಮೂಲದಲ್ಲಿರುವುದು 1904ರಲ್ಲಿ ವಿಯೆನ್ನಾದ ಮಂಜುಗಡ್ಡೆಯ ಪ್ರಯೋಗದಲ್ಲಿ ಕಂಡ ಅದೇ ವಿಪರ್ಯಾಸ: ತನ್ನವರನ್ನೇ ಪರರೆಂದು ಭಾವಿಸುವ ಪ್ರತಿಕಾಯಗಳು.

1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್ ಲೂಪಸ್ ರೋಗಿಗಳಿಬ್ಬರ ರಕ್ತ ಪ್ರನಾಳದಲ್ಲಿ ಬೇಗ ಹೆಪ್ಪುಗಟ್ಟುವುದಿಲ್ಲವೆಂದು ವರದಿ ಮಾಡಿದರು. ಹಾಗಿದ್ದಲ್ಲಿ ಇವರಿಗೆ ರಕ್ತಸ್ರಾವ ಹೆಚ್ಚಾಗಬೇಕಿತ್ತು. 1963ರಲ್ಲಿ ಬೋವಿ ಮತ್ತು ಸಂಗಡಿಗರು ಗಮನಿಸಿದ್ದು ಅದಕ್ಕೆ ತದ್ವಿರುದ್ಧವಾದುದನ್ನು. ಇಂಥ ರೋಗಿಗಳ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ತಡೆಯುಂಟಾಗುತ್ತಿತ್ತು.

ಈ ಒಗಟಿನ ಉತ್ತರವೂ ಫಾಸ್ಫೊಲಿಪಿಡ್‌ನಲ್ಲಿಯೇ ಇತ್ತು. ಪ್ರಯೋಗಾಲಯದಲ್ಲಿ ರಕ್ತ ಹೆಪ್ಪುಗಟ್ಟಲು ಫಾಸ್ಫೊಲಿಪಿಡ್ ಆಸರೆಯಾಗಬೇಕು. ಪ್ರತಿಕಾಯಗಳು ಆ ಜಾಗವನ್ನು ಆಕ್ರಮಿಸಿಕೊಂಡಾಗ ಪ್ರನಾಳದಲ್ಲಿ ಹೆಪ್ಪು ತಡವಾಗುತ್ತದೆ. ದೇಹದೊಳಗಾದರೋ ಅವೇ ಪ್ರತಿಕಾಯಗಳು ರಕ್ತನಾಳದ ಒಳಪದರವನ್ನೂ ಕಿರುಬಿಲ್ಲೆಗಳನ್ನೂ ಕೆರಳಿಸಿ ಹೆಪ್ಪನ್ನು ಹೆಚ್ಚಿಸುತ್ತವೆ. 1972ರಿಂದ ಇದಕ್ಕೆ ಲೂಪಸ್ ಹೆಪ್ಪುನಿರೋಧಕ ಎಂಬರ್ಥದ ಹೆಸರು ಬಳಕೆಯಲ್ಲಿದೆ. ಆ ಹೆಸರು ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಅದು ಲೂಪಸ್ ಇಲ್ಲದವರಲ್ಲಿಯೂ ಕಾಣುತ್ತದೆ, ದೇಹದಲ್ಲಿ ಹೆಪ್ಪನ್ನು ತಡೆಯುವುದೂ ಇಲ್ಲ.

1983ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರಹಾಂ ಹ್ಯೂಸ್ ಅವರ ತಂಡ ಕಾರ್ಡಿಯೋಲಿಪಿನ್ ವಿರುದ್ಧದ ಪ್ರತಿಕಾಯವನ್ನು ನಿಖರವಾಗಿ ಅಳೆಯುವ ಪರೀಕ್ಷೆ ರೂಪಿಸಿತು. ಎಳೆಯ ವಯಸ್ಸಿನ ಪಾರ್ಶ್ವವಾಯು, ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು, ಮರುಕಳಿಸುವ ಗರ್ಭಪಾತ ಎಂದು ಬೇರೆ ಬೇರೆಯಾಗಿ ಕಾಣುತ್ತಿದ್ದವು ಒಂದೇ ಕಾಯಿಲೆಯ ಹಲವು ಮುಖಗಳೆಂದು ಸ್ಪಷ್ಟವಾಯಿತು. ಇದೇ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ರೋಗ ತರುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಅಂಟುವುದು ನೇರವಾಗಿ ಕೊಬ್ಬಿಗಲ್ಲ, ಅದಕ್ಕೆ ಹತ್ತಿಕೊಂಡಿರುವ ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬ ರಕ್ತದ ಪ್ರೋಟೀನಿಗೆ ಎಂಬುದು 1990ರಲ್ಲಿ ಬೆಳಕಿಗೆ ಬಂತು. ಚಿಕ್ಕ ಕಣವೊಂದು ಪ್ರೋಟೀನಿನ ಜೊತೆಗೂಡಿದಾಗ ಬೇರೆಯೇ ಗುರುತು ಪಡೆಯುತ್ತದೆ ಎಂದು ಹೇಗ್‌ನ ದಿನಗಳಲ್ಲಿ ಲ್ಯಾಂಡ್‌ಸ್ಟೈನರ್ ತೋರಿಸಿದ್ದನ್ನು ಇದು ನೆನಪಿಸುತ್ತದೆ.

ತಾಯಂದಿರಿಗೆ ಸಿಕ್ಕ ಭರವಸೆ

ಮಾಸು ಮಗುವಿಗೆ ಆಹಾರವನ್ನೂ ಪ್ರಾಣವಾಯುವನ್ನೂ ಒದಗಿಸುವ ಅಂಗ. ಈ ಪ್ರತಿಕಾಯಗಳು ಅದರ ಬೆಳವಣಿಗೆಯನ್ನೇ ಕೆಡಿಸುತ್ತವೆ, ಅದರ ರಕ್ತನಾಳಗಳಲ್ಲಿ ಹೆಪ್ಪನ್ನೂ ಉಂಟುಮಾಡಬಲ್ಲವು. ಆಗ ಗರ್ಭ ನಿಲ್ಲುವುದಿಲ್ಲ ಅಥವಾ ಮಗು ಹೊಟ್ಟೆಯಲ್ಲಿಯೇ ಸಾಯುತ್ತದೆ. ಮೇಲಿಂದ ಮೇಲೆ ಹೀಗಾದಾಗ ನಮ್ಮ ಸಮಾಜ ಗ್ರಹಚಾರವನ್ನು ದೂರುತ್ತದೆ, ಇಲ್ಲವೇ ಸೊಸೆಯನ್ನು ದೂರುತ್ತದೆ. ಹರಕೆಗಳ ಮೇಲೆ ಹರಕೆ ಹೊರುವ ಆ ಹೆಣ್ಣುಮಗಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಸಮಾಧಾನದ ಸಂಗತಿಯೆಂದರೆ, ಕಾರಣ ಪತ್ತೆಯಾದರೆ ಇದಕ್ಕೆ ಚಿಕಿತ್ಸೆಯಿದೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಮತ್ತು ಚರ್ಮದಡಿ ಚುಚ್ಚುವ ಹೆಪಾರಿನ್ ಇಂಜೆಕ್ಷನ್‌ಗಳಿಂದ ಹತ್ತರಲ್ಲಿ ಏಳಕ್ಕೂ ಹೆಚ್ಚು ಗರ್ಭಗಳು ಜೀವಂತ ಮಗುವಿನ ಜನನದಲ್ಲಿ ಕೊನೆಗೊಳ್ಳುತ್ತವೆ. ಒಮ್ಮೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ವಾರ್‌ಫರಿನ್ ಮಾತ್ರೆಯನ್ನು ದೀರ್ಘಕಾಲ ಕೊಡುತ್ತಾರೆ. ಅದು ಭ್ರೂಣಕ್ಕೆ ಹಾನಿಕರವಾದ್ದರಿಂದ ಬಸಿರಿನಲ್ಲಿ ಅದರ ಬದಲು ಹೆಪಾರಿನ್ ಬಳಸುತ್ತಾರೆ. ಯಾವ ಔಷಧ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ತಜ್ಞ ವೈದ್ಯರೇ ನಿರ್ಧರಿಸಬೇಕು.

ಒಂದೇ ಪರೀಕ್ಷೆಯಿಂದ ಈ ಕಾಯಿಲೆ ಇದೆಯೆಂದು ಹೇಳುವಂತಿಲ್ಲ. ಸೋಂಕುಗಳಲ್ಲಿಯೂ ಇಂಥ ಪ್ರತಿಕಾಯಗಳು ಕೆಲಕಾಲ ಕಾಣಿಸಿ ಮಾಯವಾಗುತ್ತವೆ. ಆದ್ದರಿಂದ ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಅದೇ ರೀತಿ ಕಾರ್ಡಿಯೋಲಿಪಿನ್ ಬಳಸುವ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪಾಸಿಟಿವ್ ಬಂದಾಕ್ಷಣ ಯಾರನ್ನೂ ಅನುಮಾನಿಸಬಾರದು. ಸಿಫಿಲಿಸ್ ರೋಗಾಣುವನ್ನೇ ಗುರಿಯಾಗಿಟ್ಟ ಇನ್ನೊಂದು ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು. ನಿಜವಾದ ಸೋಂಕಾಗಿದ್ದರೆ ಪೆನಿಸಿಲಿನ್‌ನಿಂದ ಗುಣವಾಗುತ್ತದೆ. ಹುಸಿ ಫಲಿತಾಂಶವಾಗಿದ್ದು, ಜೊತೆಗೆ ಗರ್ಭಪಾತ, ಕೀಲುನೋವು ಅಥವಾ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಲೂಪಸ್‌ನ ಕಡೆಗೂ ಗಮನ ಹರಿಯಬೇಕು.

ಲ್ಯಾಂಡ್‌ಸ್ಟೈನರ್ ಇದ್ಯಾವುದನ್ನೂ ಕಾಣಲು ಬದುಕಿರಲಿಲ್ಲ. 1907ರಲ್ಲಿ ಅಗ್ಗದ ದ್ರಾವಣವನ್ನು ಹುಡುಕಿದಾಗ, ಅದು ಒಂದು ದಿನ ಮಕ್ಕಳನ್ನು ಕಳೆದುಕೊಂಡ ತಾಯಂದಿರ ನೋವಿನ ಕಾರಣವನ್ನು ತೋರಿಸೀತೆಂದು ಅವರು ಊಹಿಸಿರಲಾರರು. 1997ರಲ್ಲಿ ಆಸ್ಟ್ರಿಯಾ ಸಾವಿರ ಷಿಲ್ಲಿಂಗ್ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿ ತಡವಾಗಿಯಾದರೂ ಋಣ ತೀರಿಸಿತು. ಯೂರೋ ಬಂದ ಮೇಲೆ ಆ ನೋಟು ಚಲಾವಣೆಯಿಂದ ಮರೆಯಾಯಿತು. ತಾವೇ ಕಂಡ ನಿಯಮವನ್ನು ಕೇವಲ ಮೂರು ವರ್ಷಗಳಲ್ಲಿ ತಾವೇ ಮೀರಿ ನೋಡುವ ಪ್ರಾಮಾಣಿಕತೆ ಅವರಿಗಿತ್ತು. ರಕ್ತ ಪರೀಕ್ಷೆಯ ಪ್ರತಿ ಚೀಟಿಯಲ್ಲಿಯೂ ಆ ಪ್ರಾಮಾಣಿಕತೆಯ ಫಲ ಇಂದಿಗೂ ಜನರಿಗೆ ದಕ್ಕುತ್ತಿದೆ.